ಹಾಸನದ ಬಸ್ಸಿನಲ್ಲೊಂದು ಕಡಲ ಕಥೆ

ಪ್ರಯಾಣ ಹೊರಡುವ ಮುನ್ನ ನೀವು ಬ್ಯಾಗಿನಲ್ಲಿ ಏನೇನು ತುಂಬಿಕೊಳ್ಳುತ್ತೀರಿ? ಮಗುವಿಗೊಂದು ಜೊತೆ ಬಟ್ಟೆ, ನೀರಿನ ಬಾಟಲಿ, ಡಬ್ಬಿಯಲ್ಲಿ ಒಂದಿಷ್ಟು ತಿಂಡಿ, ಓಕರಿಕೆ ಬಂದರೆ ಮೂಸಲು ನಿಂಬೆಹಣ್ಣು, ನಮಾಝಿನ ಬಟ್ಟೆ. ಈ ಪಟ್ಟಿಯಲ್ಲಿ ಪುಸ್ತಕ ಸೇರುವುದು ಅಪರೂಪ. ಆದರೆ ಯೋಚಿಸಿ ನೋಡಿ. ಮನೆಯಲ್ಲಿ ಓದಲು ಕುಳಿತರೆ ಎರಡನೇ ಪುಟಕ್ಕೆ ಕುಕ್ಕರ್ ಕೂಗುತ್ತದೆ, ಮೂರನೆಯದಕ್ಕೆ ಯಾರೋ ಚಹಾ ಕೇಳುತ್ತಾರೆ. ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಹಾಗಲ್ಲ. ಅಲ್ಲಿ ನಿಮ್ಮಿಂದ ಯಾರೂ ಚಹಾ ಬಯಸುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ನಮ್ಮ ಕೆಂಪು ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ. ಚನ್ನರಾಯಪಟ್ಟಣದಿಂದ ಹಾಸನದ ಆಸ್ಪತ್ರೆಗೆ, ಹೊಳೆನರಸೀಪುರದಿಂದ ತವರಿಗೆ, ಅರಕಲಗೂಡಿನಿಂದ ಮಗಳ ಕಾಲೇಜಿಗೆ ಎಂದು ಹೋಗಿಬರುವಾಗ ಸಿಗುವ ಆ ಒಂದೊಂದು ಗಂಟೆ ಅನೇಕರ ಪಾಲಿಗೆ ವಾರದ ಏಕೈಕ ಓದಿನ ಹೊತ್ತು.

ಆ ಹೊತ್ತಿಗೆ ಕಡಲಿನ ಐತಿಹಾಸಿಕ ಕಥೆಗಳನ್ನು ಆರಿಸಿಕೊಳ್ಳಿ ಎಂದು ಹೇಳಿದರೆ ನೀವು ನಗಬಹುದು. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಆಲೂಗೆಡ್ಡೆಯ ಹೊಲವಿದೆ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ, ಅರಕಲಗೂಡಿನ ಕಡೆ ಹೊಗೆಸೊಪ್ಪು. ಹಡಗು ಎಲ್ಲಿಂದ ಬರಬೇಕು? ಹೊಳೆನರಸೀಪುರದ ಸೇತುವೆಯ ಕೆಳಗೆ ಹರಿಯುವ ಹೇಮಾವತಿಯೂ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ, ಕಾವೇರಿಯನ್ನು ಕೂಡಿಕೊಂಡು ಪೂರ್ವಕ್ಕೆ ಹೋಗುತ್ತಾಳೆ.

ಆದರೂ ಸಮುದ್ರ ಈ ಜಿಲ್ಲೆಗೆ ದೂರದ್ದಲ್ಲ. ನೀವು ಬೆಳಗ್ಗೆ ಕುಡಿದ ಕಾಫಿಯ ಬೀಜವನ್ನು ಬಾಬಾ ಬುಡನ್‌ರು ಹಜ್ಜ್‌ನಿಂದ ಮರಳುವಾಗ ಯಮನಿನಿಂದ ತಂದರು ಎಂಬುದು ನಮ್ಮ ಮಲೆನಾಡಿನ ಐತಿಹ್ಯ. ಯಮನಿನಿಂದ ಇಲ್ಲಿಗೆ ದಾರಿ ಹಡಗಿನದೇ. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಮಂಗಳೂರಿನ ದಾರಿಯನ್ನು ಕಾಯುವುದಕ್ಕಾಗಿಯೇ ನಿಂತಿತ್ತು. ಆಕಾಶ ತಿಳಿಯಾಗಿರುವ ದಿನ ಅಲ್ಲಿಂದ ಕಡಲು ಕಾಣುತ್ತದೆ ಎನ್ನುವವರಿದ್ದಾರೆ. ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ನಿಮ್ಮ ದಾದಿ-ನಾನಿಯರನ್ನು ಕೇಳಿ. 1995ರವರೆಗೂ ಮುಂಬಯಿಯಿಂದ ಜಿದ್ದಾಕ್ಕೆ ಹಜ್ಜ್ ಹಡಗು ಹೋಗುತ್ತಿತ್ತು. ತಗಡಿನ ಟ್ರಂಕು, ಅಕ್ಕಿ-ಬೇಳೆಯ ಗಂಟು, ವಾರಗಟ್ಟಲೆ ಸುತ್ತ ನೀರು. ಆ ಮಾತು ಕೇಳಿದ ಮೊಮ್ಮಕ್ಕಳ ಮುಂದೆ ಸಿಂದಬಾದನೂ ಸಪ್ಪೆ.

ಕಡಲ ಕಥೆ ಪ್ರಯಾಣಕ್ಕೆ ಒಗ್ಗುತ್ತದೆ ಎನ್ನಲು ಇನ್ನೊಂದು ಕಾರಣವಿದೆ. ಹಡಗಿನಲ್ಲಿ ಯಾರೂ ಎದ್ದು ಹೊರಗೆ ಹೋಗುವಂತಿಲ್ಲ. ಶ್ರೀಮಂತ, ಬಡವ, ಆಳು, ಒಡೆಯ, ಬೇರೆ ಬೇರೆ ಧರ್ಮದವರು ಎಲ್ಲರೂ ತಿಂಗಳುಗಟ್ಟಲೆ ಒಂದೇ ಹಲಗೆಯ ಮೇಲೆ. ತುಂಬಿದ ಬಸ್ಸಿನಲ್ಲಿ ಕುಳಿತವರಿಗೆ ಇದು ಬೇಗ ಅರ್ಥವಾಗುತ್ತದೆ.

ಆದರೆ ಪುಸ್ತಕವನ್ನು ಆರಿಸುವುದು ಹೇಗೆ? ರಟ್ಟಿನ ಮೇಲೆ ಹಾಯಿಹಡಗಿನ ಚಂದದ ಚಿತ್ರವಿದ್ದರೆ ಸಾಲದು. ಈ ಕಥೆಯ ಹಡಗಿನಲ್ಲಿ ಯಾರು ಯಾರಿದ್ದಾರೆ, ಕಥೆಗಾರ ಯಾರನ್ನು ಮರೆತಿದ್ದಾನೆ ಎಂದು ಮೊದಲು ನೋಡಿ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅವನೇ 1502ರಲ್ಲಿ ಎರಡನೇ ಸಲ ಬಂದಾಗ ಮಕ್ಕಾದಿಂದ ಮರಳುತ್ತಿದ್ದ 'ಮೀರಿ' ಎಂಬ ಹಡಗನ್ನು ಹಿಡಿದು, ಲೂಟಿ ಮಾಡಿ, ಒಳಗಿದ್ದ ಯಾತ್ರಿಕರ ಸಮೇತ ಸುಟ್ಟ. ತಾಯಂದಿರು ಒಡವೆಗಳನ್ನು ಚಾಚಿ, ಕೂಸುಗಳನ್ನು ಎತ್ತಿ ತೋರಿಸಿ ಬೇಡಿಕೊಂಡರು ಎಂದು ಬರೆದಿಟ್ಟವರು ಪೋರ್ಚುಗೀಸರೇ. 1695ರಲ್ಲಿ ಔರಂಗಝೇಬನ 'ಗಂಜೆ ಸವಾಯಿ' ಹಡಗು ಹಜ್ಜ್ ಯಾತ್ರಿಕರನ್ನು ಹೊತ್ತು ಸೂರತ್ತಿಗೆ ಬರುತ್ತಿತ್ತು. ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ಅದನ್ನು ದೋಚಿದ. ಹಡಗಿನಲ್ಲಿದ್ದ ಹೆಣ್ಣುಮಕ್ಕಳ ಮೇಲೆ ಅವನ ಜನ ನಡೆಸಿದ ಅತ್ಯಾಚಾರವನ್ನು ಇಲ್ಲಿ ವಿವರಿಸುವುದು ಬೇಡ. ಮುಂದೆ ಏನಾಯಿತು ಗೊತ್ತೇ? ಅವನು ಲಂಡನ್ನಿನ ರಂಗದ ಮೇಲೆ ನಾಟಕದ ನಾಯಕನಾದ, ಸಾಹಸಿ ಎನಿಸಿಕೊಂಡ. ಕಡಲ್ಗಳ್ಳರ ಕಥೆಗಳನ್ನು ನಮ್ಮ ಮಕ್ಕಳು ಇಂದಿಗೂ ಖುಷಿಯಿಂದ ಓದುತ್ತಾರೆ, ಸಿನಿಮಾಗಳಲ್ಲಿ ನೋಡುತ್ತಾರೆ. ಓದಬೇಡಿ ಎನ್ನಲಾರೆ. ದೋಚಿಸಿಕೊಂಡ ಹಡಗಿನಲ್ಲಿ ಹಜ್ಜ್ ಮುಗಿಸಿ ಮನೆಗೆ ಹೊರಟಿದ್ದ ಒಬ್ಬ ಅಜ್ಜಿಯೂ ಇದ್ದಿರಬಹುದು ಎಂದು ಅಮ್ಮನಾದವಳು ಒಂದು ಮಾತು ಸೇರಿಸಿದರೆ ಸಾಕು.

ಈ ಅಳತೆಗೋಲು ಹಿಡಿದು ನೋಡಿದರೆ ಕನ್ನಡದಲ್ಲಿ ಮೊದಲು ಕೈಗೆ ಬರುವುದು ವಸುಧೇಂದ್ರರ 'ತೇಜೋ ತುಂಗಭದ್ರಾ'. 2019ರಲ್ಲಿ ಬಂದ ದೊಡ್ಡ ಕಾದಂಬರಿ. ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಗೇಬ್ರಿಯಲ್ ಎಂಬ ಬಡ ಹುಡುಗ, ಅವನು ಪ್ರೀತಿಸುವ ಯಹೂದಿ ಹುಡುಗಿ ಬೆಲ್ಲಾ. ಇತ್ತ ತುಂಗಭದ್ರೆಯ ದಡದಲ್ಲಿ ವಿಜಯನಗರದ ಕಾಲದ ಹಂಪಮ್ಮ, ಕೇಶವ. ಎರಡು ನದಿಗಳ ನಡುವೆ ಇರುವುದು ಸಮುದ್ರ. ಗೇಬ್ರಿಯಲ್ ಹಣ ಸಂಪಾದಿಸಿ ಬರುತ್ತೇನೆಂದು ಭಾರತಕ್ಕೆ ಹಡಗು ಹತ್ತುತ್ತಾನೆ. ಆ ಕಡಲಯಾನದ ಅಧ್ಯಾಯಗಳನ್ನು ಓದುವಾಗ ಉಪ್ಪುನೀರು, ಹಸಿವು, ರೋಗ ಎಲ್ಲವೂ ಮೈಗೆ ತಾಗುತ್ತವೆ. ಧರ್ಮದ ಹೆಸರಿನಲ್ಲಿ ಯಹೂದಿಗಳಿಗೆ ಅಲ್ಲಿ ಆದದ್ದು, ಸಂಪ್ರದಾಯದ ಹೆಸರಿನಲ್ಲಿ ಹೆಣ್ಣಿಗೆ ಇಲ್ಲಿ ಆದದ್ದು ಎರಡನ್ನೂ ಲೇಖಕರು ಅಡಗಿಸುವುದಿಲ್ಲ. ಗೇಬ್ರಿಯಲ್ ಗೋವೆಯಲ್ಲಿ ಮುಸ್ಲಿಮನಾಗುವ ಭಾಗವನ್ನು ನೀವು ಕಣ್ಣರಳಿಸಿ ಓದುತ್ತೀರಿ. ಒಪ್ಪುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಹಿಂಸೆಯ ಪುಟಗಳಿರುವುದರಿಂದ ಹೈಸ್ಕೂಲು ಮಕ್ಕಳ ಕೈಗೆ ಕೊಡುವ ಮೊದಲು ನೀವೊಮ್ಮೆ ಓದಿ. ಹೊಳೆನರಸೀಪುರದ ಒಂದು ಗಂಟೆಯ ಬಸ್ಸಿಗೆ ಇದು ದೊಡ್ಡದಾಯಿತು. ದೂರದ ರೈಲಿಗೆ ಇಟ್ಟುಕೊಳ್ಳಿ.

ಕಾಲೇಜಿಗೆ ಹೋಗುವ, ಇಂಗ್ಲಿಷ್ ಓದಬಲ್ಲ ಮಗಳಿದ್ದರೆ ಅಮಿತಾವ್ ಘೋಷರ 'ಸೀ ಆಫ್ ಪಾಪೀಸ್' (2008) ಕೊಡಿಸಿ. 1838ರ ಕಥೆ. ಕಲ್ಕತ್ತದಿಂದ ಮಾರಿಷಸ್ಸಿಗೆ ಕೂಲಿಗಳನ್ನು ಒಯ್ಯುವ 'ಐಬಿಸ್' ಎಂಬ ಹಡಗು. ಗಂಡನ ಚಿತೆಯಿಂದ ಪಾರಾಗಿ ಬಂದ ದೀತಿ ಎಂಬ ಹಳ್ಳಿ ಹೆಂಗಸು ಅದರಲ್ಲಿದ್ದಾಳೆ. ಹಡಗನ್ನು ನಿಜವಾಗಿ ನಡೆಸುವವರು ಲಸ್ಕರರು, ಅವರ ಮೇಸ್ತ್ರಿ ಸಾರಂಗ್ ಅಲಿ. ಯುರೋಪಿನ ಹಡಗುಗಳ ಹಾಯಿ ಎಳೆದ ಏಷ್ಯಾದ ನಾವಿಕರನ್ನು ಲಸ್ಕರರು ಎಂದು ಕರೆಯುತ್ತಿದ್ದರು. ಅವರಲ್ಲಿ ಬಹಳ ಮಂದಿ ಮುಸ್ಲಿಮರು. ಅವರ ಹೆಸರು ಕಪ್ತಾನರ ಚರಿತ್ರೆಗಳಲ್ಲಿ ಬರುವುದು ಕಡಿಮೆ. ಈ ಕಾದಂಬರಿಯಲ್ಲಿ ಅವರಿಗೆ ಮಾತಿದೆ, ತಮಾಷೆಯಿದೆ, ಸಿಟ್ಟಿದೆ. ಮುಂದಿನ ಭಾಗಗಳು 2011 ಮತ್ತು 2015ರಲ್ಲಿ ಬಂದವು. ಘೋಷರದೇ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' (1992) ಕಾದಂಬರಿಯಲ್ಲ, ಆದರೆ ಕಾದಂಬರಿಗಿಂತ ರುಚಿ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, ಅವನ ವ್ಯಾಪಾರಕ್ಕಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದ ಬೊಮ್ಮ ಎಂಬ ತುಳುನಾಡಿನ ಆಳು, ಇವರನ್ನು ಕೈರೋದಲ್ಲಿ ಸಿಕ್ಕ ಹಳೆಯ ಪತ್ರಗಳಿಂದ ಲೇಖಕರು ಹುಡುಕಿ ತೆಗೆಯುತ್ತಾರೆ.

ಇಂಗ್ಲಿಷಿನ ನೌಕಾ ಕಾದಂಬರಿ ಎಂದರೆ ಎಲ್ಲರೂ ಹೇಳುವುದು ಪ್ಯಾಟ್ರಿಕ್ ಒಬ್ರಿಯನ್‌ರ ಹೆಸರು. 1969ರಿಂದ 1999ರವರೆಗೆ 20 ಕಾದಂಬರಿಗಳು. ಕಪ್ತಾನ್ ಜಾಕ್ ಆಬ್ರಿ, ಅವನ ಗೆಳೆಯ ವೈದ್ಯ ಮ್ಯಾಚುರಿನ್, ಎದುರಿಗೆ ನೆಪೋಲಿಯನ್ನನ ಫ್ರಾನ್ಸ್. ಸ್ನೇಹದ ಚಿತ್ರಣ ಚೆನ್ನಾಗಿದೆ. ಹಗ್ಗ-ಹಾಯಿಗಳ ಹೆಸರುಗಳು ಮಾತ್ರ ಪುಟಪುಟಕ್ಕೂ ಕಾಲಿಗೆ ತೊಡರುತ್ತವೆ. ಅವನ್ನು ಹಾರಿಸಿ ಓದಿದರೆ ನಷ್ಟವಿಲ್ಲ. ಮೊದಲ ಕಾದಂಬರಿಯ ಕಥೆ ಆರಂಭವಾಗುವುದು 1800ರಲ್ಲಿ, ಅಂದರೆ ಟಿಪ್ಪು ಸುಲ್ತಾನ್ ಹುತಾತ್ಮರಾದ ಮರುವರ್ಷ. ಅದಕ್ಕೂ ಸ್ವಲ್ಪ ಮೊದಲು ಈಜಿಪ್ಟಿನಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಅಂದರೆ ಆಬ್ರಿಯ ಯುದ್ಧ ನಮ್ಮ ಶ್ರೀರಂಗಪಟ್ಟಣದ ಯುದ್ಧದ ಇನ್ನೊಂದು ಮಗ್ಗುಲು. ಇದನ್ನು ನೆನಪಿಟ್ಟುಕೊಂಡು ಓದಿದರೆ ಕಥೆಗೆ ಬೇರೆಯೇ ಅರ್ಥ ಬರುತ್ತದೆ.

ಟಿಪ್ಪುವಿಗೂ ಹಡಗಿನ ಕನಸಿತ್ತು. 1796ರಲ್ಲಿ ಅವರು 40 ಯುದ್ಧನೌಕೆಗಳನ್ನು ಕಟ್ಟಲು ಅಪ್ಪಣೆ ಕೊಟ್ಟಿದ್ದರು, 20 ದೊಡ್ಡವು, 20 ಸಣ್ಣವು. ಮೂರು ವರ್ಷದಲ್ಲಿ ರಾಜ್ಯವೇ ಹೋಯಿತು. ಅದಕ್ಕೂ ಹತ್ತು ವರ್ಷ ಮೊದಲು, 1786ರಲ್ಲಿ, ಕುಮಟಾ ಬಳಿಯ ತದಡಿ ಬಂದರಿನಿಂದ ಅವರ ರಾಯಭಾರಿಗಳು ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲಿಗೆ ಹೊರಟಿದ್ದರು. ಮಸ್ಕತ್, ಬಸ್ರಾ, ಬಗ್ದಾದ್ ದಾಟಿ ತಲುಪುವಷ್ಟರಲ್ಲಿ ಹಡಗುಗಳನ್ನೂ ಜನರನ್ನೂ ಕಳೆದುಕೊಂಡರು. ಜೊತೆಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ದಿನಚರಿ ಬರೆದಿದ್ದಾರೆ. ಕಾದಂಬರಿಕಾರನಿಗೆ ಇದಕ್ಕಿಂತ ಸಿದ್ಧ ಸಾಮಗ್ರಿ ಬೇಕೆ?

ಹೆಣ್ಣುಮಕ್ಕಳ ಕಡಲಯಾನ ಬೇಕೆಂದರೆ ಗುಲ್‌ಬದನ್ ಬೇಗಂ ಇದ್ದಾರೆ. ಬಾಬರನ ಮಗಳು, ಅಕ್ಬರನ ಸೋದರತ್ತೆ. ಐವತ್ತು ದಾಟಿದ ವಯಸ್ಸಿನಲ್ಲಿ ಮನೆತನದ ಹೆಂಗಸರನ್ನು ಕಟ್ಟಿಕೊಂಡು 1576ರಲ್ಲಿ ಸೂರತ್ತಿನಿಂದ ಹಜ್ಜ್‌ಗೆ ಹಡಗು ಹತ್ತಿದರು. ಮರಳುವಾಗ ಏಡನ್ ಬಳಿ ಹಡಗು ಒಡೆದು ಬಹಳ ಕಾಲ ಅಲ್ಲೇ ಸಿಕ್ಕಿಕೊಂಡು 1582ರಲ್ಲಿ ಮನೆ ಸೇರಿದರು. ಅವರು ಬರೆದ 'ಹುಮಾಯೂನ್ ನಾಮಾ' ನಮಗೆ ಸಿಕ್ಕಿರುವುದು ಅರ್ಧ ಮಾತ್ರ, ಹಜ್ಜ್‌ನ ಕಥೆ ಅದರಲ್ಲಿಲ್ಲ. ಇತಿಹಾಸಕಾರ್ತಿ ರೂಬಿ ಲಾಲ್ 2024ರ 'ವ್ಯಾಗಬಾಂಡ್ ಪ್ರಿನ್ಸೆಸ್'ನಲ್ಲಿ ಆ ಯಾತ್ರೆಯನ್ನು ಮತ್ತೆ ಕಟ್ಟಿಕೊಟ್ಟಿದ್ದಾರೆ. ಜಹಾಂಗೀರನ ತಾಯಿ ಮರಿಯಮ್ ಝಮಾನಿಗಂತೂ ಸ್ವಂತ ಹಡಗೇ ಇತ್ತು, 'ರಹೀಮಿ' ಎಂದು. 1613ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದಾಗ ಮೊಘಲ್ ದರಬಾರು ಕೆರಳಿತು. ಹೆಣ್ಣುಮಕ್ಕಳಿಗೆ ವ್ಯಾಪಾರ ಏಕೆ ಎನ್ನುವವರಿಗೆ ಉತ್ತರವಾಗಿ ಈ ಹಡಗಿನ ಹೆಸರು ಹೇಳಬಹುದು.

ಮಕ್ಕಳಿಗೆ ಉಳ್ಳಾಲದ ರಾಣಿ ಅಬ್ಬಕ್ಕನ ಕಥೆ ಚೆನ್ನ. ಓದಿಸುವಾಗ ಅವಳ ಪರವಾಗಿ ಕಡಲಿಗಿಳಿದ ಮುಸ್ಲಿಮ್ ನಾವಿಕರನ್ನು ಪುಸ್ತಕ ಬಿಟ್ಟಿದೆಯೇ ಎಂದು ನೋಡಿ. ಬಿಟ್ಟಿದ್ದರೆ ನೀವೇ ಸೇರಿಸಿ. ಆ ಕಾಲದ ಕಡಲ ಹೋರಾಟವನ್ನು ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಅರಬಿಯಲ್ಲಿ ಬರೆದು ನಮ್ಮ ಬಿಜಾಪುರದ ಅಲಿ ಆದಿಲ್ ಶಾಹನಿಗೆ ಅರ್ಪಿಸಿದ್ದರು.

ದಾರಿಗೆ ತಕ್ಕ ಓದು ಎಂಬುದೂ ಒಂದಿದೆ. ಹಾಸನದಿಂದ ಅರಕಲಗೂಡಿಗೆ ಗೊರೂರಿನ ಮೇಲೆ ಹೋಗುವ ರಸ್ತೆ ತಿರುವುಗಳದ್ದು, ಬಸ್ಸಿನಲ್ಲಿ ಸಣ್ಣ ಅಕ್ಷರ ಓದಿದರೆ ತಲೆ ಸುತ್ತುತ್ತದೆ. ಎರಡು ಪುಟ ಓದಿ ಕಿಟಕಿ ನೋಡಿ. 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಬಿಡುವಿದ್ದರೆ ಹಾಸನದಿಂದ ಹೋಗಿ ನೋಡಿ ಬನ್ನಿ. ಈ ಜಿಲ್ಲೆಯಲ್ಲಿ ಒಡೆದ ಹಡಗಿಗೆ ತೀರಾ ಹತ್ತಿರದ ನೋಟ ಅದೇ. ಒಂದು ಗಂಟೆಯ ದಾರಿಗೆ ಸಣ್ಣಕಥೆಯೇ ಲೇಸು ಎನ್ನುವವರಿಗೆ ಹಾಸನದವರೇ ಆದ ಬಾನು ಮುಷ್ತಾಕ್ ಇದ್ದಾರೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದ ಕಥೆಗಳಲ್ಲಿ ಕಡಲಿಲ್ಲ, ಬಿರುಗಾಳಿ ಮಾತ್ರ ಸಾಕಷ್ಟಿದೆ. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಭೈರಪ್ಪನವರ 'ಸಾರ್ಥ' ಎಂಟನೇ ಶತಮಾನದ ವ್ಯಾಪಾರಿಗಳ ಪ್ರಯಾಣದ ಕಾದಂಬರಿ, ಅದು ನೆಲದ ದಾರಿ. ಅದನ್ನು ಓದುವಾಗಲೂ ಮೇಲೆ ಹೇಳಿದ ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿ.

ದೂರದ ಪ್ರಯಾಣಕ್ಕೆ ರೈಲೇ ವಾಸಿ. 2017ರಲ್ಲಿ ಬೆಂಗಳೂರಿನ ಹೊಸ ಮಾರ್ಗ ಪೂರ್ಣವಾದ ಮೇಲೆ ಚನ್ನರಾಯಪಟ್ಟಣದವರಿಗೂ ಇದು ಸುಲಭವಾಯಿತು. ಹಾಸನದಿಂದ ಮಂಗಳೂರಿಗೆ ಹಗಲಿನ ರೈಲು ಹಿಡಿದರೆ ಸಕಲೇಶಪುರದ ನಂತರ ಸುರಂಗಗಳ ಸಾಲು ಶುರುವಾಗುತ್ತದೆ, ಒಟ್ಟು 57. ಅಲ್ಲಿ ಓದು ಸಾಗದು, ಮಗುವಿನೊಡನೆ ಸುರಂಗ ಎಣಿಸಿ. ಕಾರವಾರದ ರೈಲಿನಲ್ಲಿ ಮುಂದೆ ಹೋಗುವವರಾದರೆ ಇಬ್ನ್ ಬತೂತಾರ ಪ್ರವಾಸ ಕಥನವನ್ನು ಕೈಗೆತ್ತಿಕೊಳ್ಳಿ. ಕಾದಂಬರಿ ಮುಗಿದಿದ್ದರೂ ಇದೊಂದು ಬ್ಯಾಗಿನಲ್ಲಿರಲಿ. 1340ರ ದಶಕದಲ್ಲಿ ಅವರು ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿನ ಸುಲ್ತಾನ 52 ಹಡಗುಗಳೊಂದಿಗೆ ಗೋವೆಯ ಕಡೆಯ ಸಂದಾಬೂರಿನ ಮೇಲೆ ದಂಡೆತ್ತಿ ಹೋದಾಗ ಜೊತೆಗೂ ಹೋದರು. ಆದರೆ ಅವರು ಬೆರಗಿನಿಂದ ಬರೆದಿಟ್ಟದ್ದು ಇನ್ನೊಂದು ಲೆಕ್ಕ. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದರು, ಅರ್ಧ ಜಗತ್ತು ಸುತ್ತಿದ ಆ ಮನುಷ್ಯ. ರೈಲು ಶರಾವತಿಯ ಉದ್ದನೆಯ ಸೇತುವೆಯ ಮೇಲೆ ಹೋಗುವಾಗ ಮಗಳಿಗೆ ಆ ಪುಟ ತೆಗೆದು ಕೊಡಿ.