ಬೂವನಹಳ್ಳಿಯೂ ಭುವನಹಳ್ಳಿಯೂ

ಗಣಕಯಂತ್ರದ ಮೇಲೆ ನನಗೆ ಮೊದಲಿನಿಂದಲೂ ಮೋಹ. ಮನೆಯಲ್ಲಿ ಇದನ್ನು ಹುಚ್ಚೆನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಕೆಲವರಿಗೆ ಸಂಗೀತ ಕಛೇರಿಯ ಮುಂದಿನ ಸಾಲು. ನನಗೆ ಹೊಸದೊಂದು ಯಂತ್ರ, ಅಷ್ಟೇ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ತನಕ ಊಟ ರುಚಿಸುವುದಿಲ್ಲ. ನಮ್ಮ ಬೂವನಹಳ್ಳಿಯಲ್ಲಿ ಯಾರ ಫೋನು ಮುನಿಸಿಕೊಂಡರೂ, ಯಾರ ಖಾತೆಗೆ ಬರಬೇಕಾದ ಹಣ ದಾರಿಯಲ್ಲಿ ನಿಂತರೂ, ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬರುತ್ತಾನೆ. ಹಿಂದೆ ಮೈಮೇಲೆ ಹಲ್ಲಿ ಬಿದ್ದರೆ ಪಂಚಾಂಗದವರ ಮನೆಗೆ ಓಡುತ್ತಿದ್ದರಲ್ಲ, ಹಾಗೆ. ಪಂಚಾಂಗದವರಿಗಾದರೆ ಎಲೆಯಡಿಕೆ, ದಕ್ಷಿಣೆ ಉಂಟು. ನನಗೆ ಒಂದು ಲೋಟ ಕಾಫಿ. ಅದೂ ಬೆಲ್ಲದ್ದು.

ಮೋಹವಿದ್ದಲ್ಲಿ ಹೊಗಳಿಕೆ ಇದ್ದೇ ಇರುತ್ತದೆ. ಆದ್ದರಿಂದ ಮೊದಲು ಯಂತ್ರದ ಗುಣಗಳನ್ನೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಯಾವುದಾದರೂ ಊರಿನ ಹಾಲಿನ ಡೇರಿಗೆ ಹೋಗಿ ನೋಡಿ. ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ಎಂಬುದು ಹಿಂದೆ ಎಷ್ಟೋ ವೇಳೆ ಹಾಲು ತಂದವರ ಮುಖ ನೋಡಿ ತೀರ್ಮಾನವಾಗುತ್ತಿತ್ತು. ಈಗ ಯಂತ್ರದ ಬಾಯಿಗೆ ನಾಲ್ಕು ತೊಟ್ಟು ಹಾಲು ಕೊಟ್ಟರೆ ಜಿಡ್ಡೆಷ್ಟು, ಉಳಿದ ಘನಾಂಶವೆಷ್ಟು ಎಂದು ಲೆಕ್ಕ ಬರುತ್ತದೆ. ಗೌಡರ ಎಮ್ಮೆಯೆಂದು ಅರ್ಧ ಅಂಕ ಹೆಚ್ಚಿಲ್ಲ, ಬಡವಿಯ ಹಸುವೆಂದು ಅರ್ಧ ಅಂಕ ಕಡಿಮೆಯಿಲ್ಲ. ಟೀ ಅಂಗಡಿಯಲ್ಲಿ ಫೋನಿನಿಂದ ಹತ್ತು ರೂಪಾಯಿ ಕಳಿಸಿದರೆ, ಗಲ್ಲಾಪೆಟ್ಟಿಗೆಯ ಪಕ್ಕದ ಪುಟ್ಟ ಡಬ್ಬಿಯೊಂದು 'ಹತ್ತು ರೂಪಾಯಿ ಬಂದಿದೆ' ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತದೆ. ಕೊಟ್ಟೆ, ಕೊಡಲಿಲ್ಲ ಎಂಬ ವ್ಯಾಜ್ಯವೇ ಇಲ್ಲ. ಸಾಲ ಹೇಳಿ ಕುಡಿಯುವವರಿಗೆ ಮಾತ್ರ ಆ ಡಬ್ಬಿಯ ಮೌನ ಸ್ವಲ್ಪ ಮುಜುಗರ.

ಎಲ್ಲಕ್ಕಿಂತ ದೊಡ್ಡ ಉಪಕಾರವಾದದ್ದು ಪಹಣಿಯ ವಿಷಯದಲ್ಲಿ. ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆಯನ್ನು 1961ರ ಕಾಯಿದೆ ತೆಗೆದುಹಾಕಿತು. ಆ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಜನ ಬದಲಾದರು, ಕಡತದ ಗಂಟು ಬದಲಾಗಲಿಲ್ಲ. ತನ್ನ ಹೊಲ ಯಾರ ಹೆಸರಿನಲ್ಲಿದೆಯೆಂದು ನೋಡಬೇಕಾದರೆ ರೈತ ಆ ಗಂಟಿನ ಯಜಮಾನರನ್ನು ಹುಡುಕಿಕೊಂಡು ಹೋಗಬೇಕು, ಅವರು ಸಿಕ್ಕಬೇಕು, ಸಿಕ್ಕವರಿಗೆ ಬಿಡುವಿರಬೇಕು, ಬಿಡುವಿದ್ದವರಿಗೆ ಮನಸ್ಸು ಬರಬೇಕು. ಮನಸ್ಸು ಬರುವುದಕ್ಕೆ ಏನು ಬೇಕಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. 'ಭೂಮಿ' ಎಂಬ ಸರ್ಕಾರದ ಯೋಜನೆ ಆ ಗಂಟನ್ನು ಬಿಚ್ಚಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, ಹೊಸ ಶತಮಾನ ಕಣ್ಣುಬಿಡುತ್ತಿದ್ದ ಹಾಗೆಯೇ ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿ ತೆರೆದು, 15 ರೂಪಾಯಿಗೆ ಪಹಣಿ ಕೊಡತೊಡಗಿದರು. ಕೈಬರಹದ ಪಹಣಿ ಇನ್ನು ನಡೆಯದೆಂದು ಸಾರಿದರು. ಕಿಟಕಿಯೊಳಗೆ ಕೂತವರಿಗೊಂದು ಪರದೆ, ಹೊರಗೆ ನಿಂತ ರೈತನ ಕಡೆಗೆ ಮುಖಮಾಡಿ ಇನ್ನೊಂದು. ಆ ಎರಡನೆಯ ಪರದೆಯನ್ನು ಯೋಚಿಸಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಹೊಲದ ಒಡೆಯನೂ ಹೊಲದ ದಾಖಲೆ ಇಟ್ಟವನೂ ಒಂದೇ ಹಾಳೆಯನ್ನು ಒಂದೇ ಹೊತ್ತಿಗೆ ನೋಡುವುದು ಸಣ್ಣ ಸಂಗತಿಯಲ್ಲ. ಈಗಂತೂ ರಾತ್ರಿ ಊಟ ಮುಗಿಸಿ ಜಗಲಿಯ ಮೇಲೆ ಕೂತು ಫೋನಿನಲ್ಲೇ ಪಹಣಿ ನೋಡಬಹುದು.

ಇಷ್ಟೇ ಅಲ್ಲ. ನಮ್ಮ ಹಾಸನದಲ್ಲಿ 1982ರಿಂದ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ನೆಲದಿಂದ ಸುಮಾರು 36,000 ಕಿಲೋಮೀಟರು ಮೇಲೆ ನಿಂತಂತೆ ಕಾಣುವ ಉಪಗ್ರಹಗಳು ಗೂಟ ಬಿಟ್ಟ ಕರುವಿನಂತೆ ಮೆಲ್ಲಗೆ ಅತ್ತಿತ್ತ ಸರಿಯುತ್ತಿರುತ್ತವೆ. ಇಲ್ಲಿ ಕೂತವರು ಗಣಕಯಂತ್ರದ ಲೆಕ್ಕ ನೋಡಿ, ಇಲ್ಲಿಂದಲೇ ಅಪ್ಪಣೆ ಕಳಿಸಿ, ಅವನ್ನು ಮತ್ತೆ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಅಪ್ಪಣೆ ಮೇಲೆ ಮುಟ್ಟುವುದಕ್ಕೆ ಸೆಕೆಂಡಿನ ಎಂಟನೆಯ ಒಂದು ಪಾಲು ಸಾಕು. ರಾತ್ರಿ ಅಂಗಳದಲ್ಲಿ ಮಲಗಿ ಆಕಾಶ ನೋಡುವಾಗ, ಆ ಕರುಗಳ ಹಗ್ಗ ನಮ್ಮ ಪಕ್ಕದ ಊರಿನಲ್ಲಿದೆ ಎಂದು ನೆನೆದರೆ ನನಗೆ ಸ್ವಲ್ಪ ಜಂಬವೇ ಬರುತ್ತದೆ.

ಹೊಗಳಿದ್ದಾಯಿತು. ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಇಷ್ಟೆಲ್ಲ ಬಲ್ಲ ಈ ಯಂತ್ರಕ್ಕೆ ನಮ್ಮೂರಿನ ಹೆಸರು ತಿಳಿಯದು.

ನಮ್ಮೂರು ಬೂವನಹಳ್ಳಿ. ಬೂವವೆಂದರೆ ಅನ್ನ. ಮಗುವಿಗೆ ಚಂದಮಾಮನನ್ನು ತೋರಿಸಿ ತಿನ್ನಿಸುವುದು ಬೂವ; ಮದುವೆಯಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಟ್ಟಿಗೆ ಕೂತು ಉಣ್ಣುವುದೂ ಬೂವವೇ. ಆದರೆ ಓದಿದವರ ಕಿವಿಗೆ ಇದು ಹಳ್ಳಿಗಾಡಿನ ತಪ್ಪು ಉಚ್ಚಾರವೆಂದು ಕೇಳಿಸುತ್ತದೇನೋ. ಅವರು ಒತ್ತು ಸೇರಿಸಿ, ದೀರ್ಘ ಕತ್ತರಿಸಿ 'ಭುವನಹಳ್ಳಿ' ಎಂದು ಬರೆಯುತ್ತಾರೆ. ಅನ್ನ ಹೋಗಿ ಲೋಕ ಬಂತು. ಮತ್ತೆ ಕೆಲವರು ಒತ್ತನ್ನೂ ಇಟ್ಟು ದೀರ್ಘವನ್ನೂ ಉಳಿಸಿ 'ಭೂವನಹಳ್ಳಿ' ಎನ್ನುತ್ತಾರೆ. ಅದು ಎರಡಕ್ಕೂ ಸಲ್ಲದು. ಇಂಗ್ಲಿಷಿನ ಬರವಣಿಗೆಯಲ್ಲಿ ಇನ್ನೆಷ್ಟು ರೂಪಗಳೋ ಎಣಿಸಲು ಹೋಗಬೇಡಿ. ಬಸ್ಸಿನ ಕಂಡಕ್ಟರಿಗೆ ಇವೆಲ್ಲ ಒಂದೇ ಊರು. ಯಾವ ಹೆಸರು ಕೂಗಿದರೂ ಇಳಿಸುವುದು ಅದೇ ಜಾಗದಲ್ಲಿ. ಗಣಕಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ಊರುಗಳು.

ಏಕೆಂದರೆ ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಹಂಚಿದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಅದರಲ್ಲಿ 'ಬ' ಎಂದರೆ 3244. 'ಭ' ಎಂದರೆ 3245. ನಮ್ಮ ಕಿವಿಗೆ ಅಕ್ಕಪಕ್ಕದ ಮನೆಯವರಂತಿರುವ ಈ ಇಬ್ಬರು ಯಂತ್ರದ ಪಾಲಿಗೆ ಯಾರೋ ಏನೋ. ಒಂದರ ಅಂತರವೂ ಅದಕ್ಕೆ ಒಂದೇ, ಕೋಟಿಯ ಅಂತರವೂ ಒಂದೇ. ಇನ್ನು ಈ ಅಂತರ ಉಂಟಾಗುವುದಕ್ಕೆ ಎಷ್ಟು ಶ್ರಮ ಬೇಕು? ಕೆ. ಪಿ. ರಾವ್ ಅವರು ಕನ್ನಡಕ್ಕೆ ಬಹಳ ಅಚ್ಚುಕಟ್ಟಾದ ಕೀಲಿಮಣೆಯೊಂದನ್ನು ಹೊಂದಿಸಿಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ನಾವು ಬಳಸುವುದು ಅದೇ ಧಾಟಿಯನ್ನು. ಅದರಲ್ಲಿ ಬರಿಯ ಕೀಲಿ ಒತ್ತಿದರೆ 'ಬ', ಶಿಫ್ಟ್ ಹಿಡಿದು ಒತ್ತಿದರೆ 'ಭ'. ಹಾಗೆಯೇ ಹ್ರಸ್ವಕ್ಕೆ ಬರಿಯ ಕೀಲಿ, ದೀರ್ಘಕ್ಕೆ ಶಿಫ್ಟ್. ಬೂವನಹಳ್ಳಿ ಬರೆಯುವಾಗ ಶಿಫ್ಟ್ ಬೀಳಬೇಕಾದದ್ದು ಎರಡನೆಯ ಕೀಲಿಗೆ. ಕಿರುಬೆರಳು ಒಂದು ಕೀಲಿಯಷ್ಟು ಮೊದಲೇ ಬಿದ್ದು ಎದ್ದರೆ 'ಬೂ' ಹೋಗಿ 'ಭು' ಆಗುತ್ತದೆ. ಒಂದು ಊರು ಇನ್ನೊಂದು ಊರಾಗುವುದಕ್ಕೆ ಅಷ್ಟು ಸಾಕು.

ಊರಿನ ಹೆಸರು ತಪ್ಪಿದರೆ ನಗಬಹುದು. ಮನುಷ್ಯರ ಹೆಸರು ತಪ್ಪಿದರೆ ಹಾಗಲ್ಲ. ನಮ್ಮ ತಂದೆ ತೀರಿಕೊಂಡ ಮೇಲೆ ಜಮೀನನ್ನು ತಾಯಿಯ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಾಗಿತ್ತು. ನಮ್ಮ ಸೀಮೆಯ ಹೆಂಗಸರ ಹೆಸರಿಗೆ ಇರುವಂತೆ ನಮ್ಮ ತಾಯಿಯ ಹೆಸರಿನ ಕೊನೆಗೂ 'ಅಮ್ಮ' ಇದೆ. ಒಂದು ಕಾಗದದಲ್ಲಿ ಅದಿತ್ತು; ಇನ್ನೊಂದರಲ್ಲಿ ಯಾರದೋ ಬೆರಳಿನ ಅವಸರಕ್ಕೆ ಬಿದ್ದುಹೋಗಿತ್ತು. ಯಾವ ಕಚೇರಿಯದು, ಯಾರ ಬೆರಳು ಎಂಬ ಮಾತು ಇಲ್ಲಿ ಬೇಡ; ಅವರಿಗೂ ಆ ದಿನ ನೂರು ಹೆಸರು ಬರೆಯುವ ಕೆಲಸವಿದ್ದಿರಬೇಕು. ಯಂತ್ರ ಎರಡನ್ನೂ ಹೋಲಿಸಿ ನೋಡಿ, ಇವರು ಅವರಲ್ಲ ಎಂದಿತು. ಎದುರಿಗೇ ಕೂತಿದ್ದ ಮುದುಕಿಯನ್ನು ನೋಡಿ ಗುಮಾಸ್ತರು, 'ಇವರೇ ಅವರು ಅಂತ ನನಗೂ ಕಾಣುತ್ತೆ ಸ್ವಾಮಿ, ಆದರೆ ಸಿಸ್ಟಮ್ ತಗೊಳ್ಳೋದಿಲ್ಲ' ಎಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಅವರ ಕೈ ನಿಜವಾಗಿಯೂ ಕಟ್ಟಿತ್ತು.

ಬೆರಳಚ್ಚಿನಿಂದ ಗುರುತು ಹಿಡಿಸೋಣವೆಂದರೆ ಅದೂ ಆಗಲಿಲ್ಲ. ಅರವತ್ತು ವರ್ಷ ಕಳೆ ಕಿತ್ತು, ಪಾತ್ರೆ ತಿಕ್ಕಿ, ಸಗಣಿ ಬಾಚಿದ ಕೈ. ಬೆರಳಿನ ಗೆರೆಗಳು ಸವೆದು ಹಲಗೆಯಂತಾಗಿದ್ದುವು. ಕೊನೆಗೆ ಛಾಪಾ ಕಾಗದದ ಮೇಲೆ, ಅಮ್ಮ ಇರುವ ಹೆಸರಿನವಳೂ ಅಮ್ಮ ಇಲ್ಲದ ಹೆಸರಿನವಳೂ ನಾನೊಬ್ಬಳೇ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು. ಅದನ್ನು ಓದಿ ಹೇಳಿದಾಗ ನಮ್ಮ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನು ನಾನೇ ಅಂತ ನಾನೇ ಬರಕೊಡಬೇಕೇನಪ್ಪ? ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರಲ್ಲ' ಎಂದಳು. ಖಾತೆಯಾಗುವ ಹೊತ್ತಿಗೆ ಮುಂಗಾರು ದಾಟಿತ್ತು. ಖಾತೆಯಿಲ್ಲದೆ ಬೆಳೆಸಾಲವಿಲ್ಲ, ಸಾಲವಿಲ್ಲದೆ ಜಲಂಧರದಿಂದ ಬರುವ ಆಲೂಗೆಡ್ಡೆಯ ಬೀಜ ಕೊಳ್ಳುವಂತಿಲ್ಲ. ಆ ವರ್ಷ ನಮ್ಮ ಹೊಲದಲ್ಲಿ ಬೇರೆಯವರು ಬೆಳೆದರು. ಬದುವಿನ ಮೇಲೆ ನಿಂತು ಅವರ ಸಾಲುಗಳನ್ನು ನೋಡುತ್ತಿದ್ದ ತಾಯಿಯ ಮುಖ ನನಗೆ ಯಾವ ಪರದೆಗಿಂತಲೂ ಸ್ಪಷ್ಟವಾಗಿ ನೆನಪಿದೆ.

2024ರಲ್ಲಿ ರಾಜ್ಯದಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಭರದಿಂದ ನಡೆಯಿತು. ಒಬ್ಬರ ಹೊಲವನ್ನು ಮತ್ತೊಬ್ಬರು ಕದ್ದು ಮಾರದಂತೆ ತಡೆಯುವುದು ಅದರ ಉದ್ದೇಶ, ಒಳ್ಳೆಯದೇ. ಆದರೆ ಅಜ್ಜನ ಕಾಲದ ಕೈಬರಹದಿಂದ ಒಂದು ಹೆಸರು, ಶಾಲೆಯ ದಾಖಲೆಯಿಂದ ಒಂದು ಹೆಸರು, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಬಂದ ಇನ್ನೊಂದು ಹೆಸರು ಇರುವ ನಾಡಿನಲ್ಲಿ, ಇಂಥ ಜೋಡಣೆ ಸಂಬಂಧ ಕೂಡಿಸುವಷ್ಟೇ ನಾಜೂಕಿನ ಕೆಲಸ. ನಮ್ಮೂರಿನಂಥ ಊರಿಗೆ ಇದು ಇನ್ನೂ ಹತ್ತಿರದ ಮಾತು. ಹಾಸನದ ವಿಮಾನ ನಿಲ್ದಾಣಕ್ಕೆಂದು ಗೊತ್ತುಮಾಡಿದ ನೆಲ ಇಲ್ಲಿಯದು. ನೆಲ ಕೈಬಿಟ್ಟು ಹೋಗುವ ಕಡೆ, ದಾಖಲೆಯಲ್ಲಿರುವ ಒಂದಕ್ಷರವೇ ಪರಿಹಾರದ ಹಣಕ್ಕೆ ಬಾಗಿಲು.

ಹಾಗೆಂದು ಶಾನುಭೋಗರ ಕಾಲವೇ ಚೆನ್ನಾಗಿತ್ತು ಎಂದು ನಾನು ನಿಟ್ಟುಸಿರು ಬಿಡುವವನಲ್ಲ. ಇವಳು ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಮುಖ ನೋಡಿ ಹೇಳಬಲ್ಲವರು ಅಂದು ಇದ್ದರು, ನಿಜ. ಹೇಳಬಲ್ಲವರೇ ಬೇಕೆಂದಾಗ 'ಯಾರೋ ಗೊತ್ತಿಲ್ಲ' ಎನ್ನಲೂ ಬಲ್ಲವರಾಗಿದ್ದರು. ವಿಧವೆಯರ ಹೊಲಗಳು ಮೈದುನರ ಹೆಸರಿಗೆ ಹೋದದ್ದು ಯಂತ್ರದಿಂದಲ್ಲ. ಯಂತ್ರ ಯಾರ ಮುಖವನ್ನೂ ನೋಡದು ಎಂಬುದೇ ಅದರ ದೊಡ್ಡ ಗುಣ. ಡೇರಿಯಲ್ಲಿ ಬಡವಿಯ ಹಸುವನ್ನು ಕಾಯುವುದೂ ಅದೇ ಗುಣ. ಆದರೆ ಹೋಲಿಸಿ ನೋಡುವುದು ಬೇರೆ, ಗುರುತಿಸುವುದು ಬೇರೆ. ಮೊದಲನೆಯದು ಯಂತ್ರದ ಕೆಲಸ. ಎರಡನೆಯದು ಇಂದಿಗೂ ಮನುಷ್ಯನದು. ಅದನ್ನೂ ಯಂತ್ರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಂಡಿದ್ದೇವೆ.

ಯಂತ್ರದ ಮೋಹದವನಾದ್ದರಿಂದ ಪರಿಹಾರವೂ ಯಂತ್ರದಿಂದಲೇ ಶುರುವಾಗಲಿ ಎಂಬ ಆಸೆ ನನ್ನದು. ಹಿಂದೆ ಕ್ರಯಪತ್ರ ಬರೆದವರು ರುಜು ಹಾಕಿಸುವ ಮುಂಚೆ ಪೂರ್ತಿ ಓದಿ ಹೇಳುತ್ತಿದ್ದರು. ಕೇಳಿ ಒಪ್ಪಿದ ಮೇಲೆ ಹೆಬ್ಬೆಟ್ಟು. ಅಕ್ಷರ ಬಾರದವರಿಗೆ ಅದೇ ರಕ್ಷೆ. ಇವತ್ತು ನಮ್ಮ ಫೋನುಗಳೇ ಕನ್ನಡವನ್ನು ಗಟ್ಟಿಯಾಗಿ ಓದುತ್ತವೆ. ಟೀ ಅಂಗಡಿಯ ಡಬ್ಬಿಯೇ ಹತ್ತು ರೂಪಾಯಿಯನ್ನು ಸಾರುವಾಗ, ಕಚೇರಿಯ ಯಂತ್ರ ಒಂದು ಹೆಸರನ್ನು ಒಳಗಿಟ್ಟುಕೊಳ್ಳುವ ಮುಂಚೆ ಎದುರಿಗಿದ್ದವರಿಗೆ ಓದಿ ಹೇಳಲು ಏನು ಕಷ್ಟ? ಕೊನೆಯ 'ಅಮ್ಮ' ಬಿದ್ದುಹೋದರೆ ನಮ್ಮ ತಾಯಿಯಂಥವರು ಅಲ್ಲೇ ತಡೆಯುತ್ತಿದ್ದರು. ಕಣ್ಣಿಗೆ ಅಕ್ಷರ ಬಾರದಿದ್ದರೂ ಕಿವಿಗೆ ಹೆಸರು ಬಂದೇ ಬರುತ್ತದೆ.

ಅದನ್ನೂ ಮೀರಿ ತಪ್ಪು ನುಸುಳಿದರೆ, ಊರಿನ ಮಟ್ಟದ ಅಧಿಕಾರಿಯೊಬ್ಬರಿಗೆ ಈ ಇಬ್ಬರೂ ಒಬ್ಬರೇ ಎಂದು ಕಣ್ಣಾರೆ ಕಂಡು ಬರೆಯುವ ಅಧಿಕಾರವಿರಲಿ. ಬರೆದವರ ಹೆಸರು, ದಿನ, ಗಂಟೆ ಎಲ್ಲವನ್ನೂ ಯಂತ್ರ ನೆನಪಿಟ್ಟುಕೊಳ್ಳಲಿ. ಮೋಸ ಮಾಡಿದವರು ಆಗ ಸಿಕ್ಕಿಬೀಳುತ್ತಾರೆ. ಮನುಷ್ಯ ಗುರುತಿಸಲಿ, ಯಂತ್ರ ಮರೆಯದಿರಲಿ. ಬರೆಯುವುದಕ್ಕೆ ಒಂದು ಕಿರುಬೆರಳು ಸಾಕಾಗುವಾಗ, ತಿದ್ದುವುದಕ್ಕೆ ಒಂದು ಮುಂಗಾರು ಬೇಕಾಗಬಾರದು.

ಆ ಯೋಜನೆಗೆ 'ಭೂಮಿ' ಎಂದು ಹೆಸರಿಟ್ಟಿದ್ದಾರಲ್ಲ, ನಮ್ಮ ಕಡೆಯ ಯಾವ ರೈತನೂ ಅದನ್ನು ಹಾಗೆ ಕರೆಯುವುದಿಲ್ಲ. ಅವನ ಬಾಯಲ್ಲಿ ಅದು ಎಂದೆಂದಿಗೂ 'ಬೂಮಿ'ಯೇ. 3245 ಹೇಳಬೇಕಾದ ಕಡೆ ಅವನು 3244 ಹೇಳುತ್ತಾನೆ. ಬೂಮಿ ಇದುವರೆಗೆ ಅವನನ್ನು ತಪ್ಪು ತಿಳಿದುಕೊಂಡಿಲ್ಲ, ಬಿತ್ತಿದ್ದನ್ನು ಕೊಟ್ಟಿದೆ.