ಕಾಡಿಗೂ ಒಂದು ಬಾಣಂತನ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಸಾಕು, ನಮ್ಮ ಮಲೆನಾಡಿನ ಮನೆಗಳಿಗೆ ನೆಂಟರ ಸುಗ್ಗಿ. ಹಪ್ಪಳ ಸಂಡಿಗೆಯ ಕೆಲಸ ಒಂದು ಕಡೆ, ಮಾವಿನ ಮಿಡಿಯ ಉಪ್ಪಿನಕಾಯಿ ಇನ್ನೊಂದು ಕಡೆ, ಅದರ ನಡುವೆ ಬೆಂಗಳೂರು ಮೈಸೂರುಗಳಿಂದ ಬಂದಿಳಿಯುವ ಅಕ್ಕತಂಗಿಯರ ಮಕ್ಕಳು. ಮೊದಲೆಲ್ಲ ಹೊಳೆಯಲ್ಲಿ ಮಿಂದು, ಹಲಸಿನ ಹಣ್ಣು ತಿಂದು, ರಾತ್ರಿ ಜಗಲಿಯ ಮೇಲೆ ಸಾಲಾಗಿ ಮಲಗಿದರೆ ಅವರ ರಜೆ ಸಾರ್ಥಕವಾಗುತ್ತಿತ್ತು. ಈಗಿನವರಿಗೆ ಅಷ್ಟು ಸಾಲದು. ಬೆಟ್ಟ ಹತ್ತಬೇಕು, ಮೇಲೆ ಡೇರೆ ಹಾಕಬೇಕು, ಬೆಂಕಿ ಕಾಯಿಸುತ್ತ ನಕ್ಷತ್ರ ನೋಡಬೇಕು!

ಆಸೆಯೇನೋ ಒಳ್ಳೆಯದೇ. ಆದರೆ ಮಕ್ಕಳಿಗೆ ರಜೆ ಬರುವ ತಿಂಗಳಲ್ಲೇ ಕಾಡಿನ ಬಾಗಿಲು ಮುಚ್ಚಿರುತ್ತದೆ. "ಜನಕ್ಕೆ ಬಿಡುವು ಸಿಗೋ ಹೊತ್ತಿಗೇ ಇವರು ಬೋರ್ಡು ತಗಲಿಸ್ತಾರಲ್ಲ, ಇದೆಂಥಾ ನ್ಯಾಯಾರೀ?" ಎಂದು ನಮ್ಮನೆಗೆ ಬಂದವರು ಪ್ರತಿ ವರ್ಷ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಸಂದರ್ಭ ಎರಡು ಮೂರು ವರ್ಷದ ಹಿಂದೆ ನನಗೇ ಬಂತು.

ಮಾರ್ಚ್ ತಿಂಗಳ ಕೊನೆ. ಅಕ್ಕನ ಮಗಳ ಫೋನು. "ಚಿಕ್ಕಮ್ಮಾ, ನಾವು ಐದು ಜನ ಹುಡುಗೀರು ಏಪ್ರಿಲ್‌ನಲ್ಲಿ ಕುದುರೆಮುಖ ಹತ್ತೋಕೆ ಬರ್ತಾ ಇದೀವಿ. ಡೇರೆ, ಸ್ಟೌ ಎಲ್ಲಾ ಬಾಡಿಗೆಗೆ ಸಿಗತ್ತೆ. ಒಂದು ರಾತ್ರಿ ಬೆಟ್ಟದ ಮೇಲೇ ಇರ್ತೀವಿ."

"ಈಗ ಬೆಟ್ಟ ಮುಚ್ಚಿದಾರಲ್ಲೇ, ಬೆಂಕಿ ಕಾಲ."

"ಗೊತ್ತು ಚಿಕ್ಕಮ್ಮ. ಟೂರ್ ಮಾಡಿಸೋರೊಬ್ಬರು ಇದಾರೆ. ಅವರು ಬೇರೆ ದಾರೀಲಿ ಕರ್ಕೊಂಡು ಹೋಗ್ತಾರಂತೆ."

ಅರ್ಧ ಗಂಟೆಯೊಳಗೆ ಅಕ್ಕನ ಫೋನು. "ಅವಳಿಗೆ ಸ್ವಲ್ಪ ಬುದ್ಧಿ ಹೇಳೇ. ಹೆಣ್ಣುಮಕ್ಕಳಿಗೆ ಕಾಡು ಬೆಟ್ಟ ಯಾಕೆ? ಸರ್ಕಾರದೋರೇ ಬೇಡ ಅಂದಿದಾರೆ ಅಂತ ಹೇಳಿಬಿಡು, ಮುಗೀತು."

ಎರಡು 'ಬೇಡ'ಗಳು ನನ್ನ ಮುಂದೆ ಬಂದು ನಿಂತವು. ಅರಣ್ಯ ಇಲಾಖೆಯ ಬೇಡ, ಅಕ್ಕನ ಬೇಡ. ಅಕ್ಕ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದಳು. ನನಗೇಕೋ ಅವೆರಡೂ ಬೇರೆ ಬೇರೆ ಎನ್ನಿಸಿತು.

ಬೆಂಕಿಯನ್ನು ಬಲ್ಲವರು ನಾವು

ನಮ್ಮ ಕಡೆಯ ಎತ್ತರದ ಬೆಟ್ಟಗಳಲ್ಲಿ ಕಣಿವೆಗೆ ಮಾತ್ರ ದಟ್ಟ ಕಾಡು. ಅದನ್ನು ಶೋಲಾ ಕಾಡು ಎನ್ನುತ್ತಾರೆ. ಉಳಿದ ಮೈಯೆಲ್ಲ ಹುಲ್ಲು. ಮಳೆಗಾಲದಲ್ಲಿ ಕಣ್ಣು ತುಂಬುವ ಆ ಹಸಿರು ಜನವರಿ ಕಳೆಯುತ್ತಿದ್ದಂತೆ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಒಂದು ಬೆಂಕಿಕಡ್ಡಿ ಸಾಕು. ಮೇಲೆ ಗಾಳಿ ಬೇರೆ. ಇಳಿಜಾರಿನಲ್ಲಿ ಬೆಂಕಿ ಕೆಳಗಿನಿಂದ ಮೇಲಕ್ಕೆ ಓಡುವಷ್ಟು ಬೇಗ ಸಮತಟ್ಟಿನಲ್ಲಿ ಓಡುವುದಿಲ್ಲ. ಜ್ವಾಲೆ ಮೇಲಕ್ಕೆ ಬಾಗಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಬೆಟ್ಟದ ಮೇಲೆ ಡೇರೆ ಹಾಕಿದವರು ಎಲ್ಲಿಗೆ ಓಡಬೇಕು?

'ಬೂದಿ ಮುಚ್ಚಿದ ಕೆಂಡ' ಎಂಬ ಮಾತು ಹುಟ್ಟಿದ್ದು ಒಲೆಯ ಮುಂದೆಯೇ ಇರಬೇಕು. ಸೌದೆ ಒಲೆಯಲ್ಲಿ ಅಡಿಗೆ ಮಾಡಿದವರಿಗೆಲ್ಲ ಗೊತ್ತು, ರಾತ್ರಿ ಆರಿತೆಂದು ಬಿಟ್ಟ ಕೆಂಡ ಬೆಳಗ್ಗೆ ಊದಿದರೆ ಕೆಂಪಗೆ ಕಣ್ಣು ಬಿಡುತ್ತದೆ. ಬೆಟ್ಟದಲ್ಲಿ ಊದಲು ಊದುಗೊಳವೆ ಬೇಕಿಲ್ಲ, ಗಾಳಿಯೇ ಇದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟು ಕರಕಲಾದುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅದಕ್ಕೆ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕನೊಬ್ಬ ಮನೆಗೆ ಮರಳಲಿಲ್ಲ. ಅವನಿಗೂ ಒಬ್ಬ ತಾಯಿ ಇದ್ದಳಲ್ಲ!

ಇನ್ನೊಂದು ಸಂಗತಿ ಹೇಳಿದರೆ ಎದೆ ನಡುಗುತ್ತದೆ. 2018ರ ಮಾರ್ಚ್ 11, ಭಾನುವಾರ. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಬಂದವರು ಒಣಹುಲ್ಲಿನ ಇಳಿಜಾರಿನಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿಬಿದ್ದರು. ಚೆನ್ನೈಯಿಂದ ಬಂದ ಗುಂಪಿನಲ್ಲಿ ಹೆಚ್ಚಿನವರು ಹೆಂಗಸರು, ಮಹಿಳಾ ದಿನದ ನೆಪದಲ್ಲಿ ಹೊರಟವರು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರು ಹಿಡಿದ ದಾರಿಗೆ ಅನುಮತಿ ಇರಲಿಲ್ಲವೆಂದು ಆಮೇಲೆ ಅಧಿಕಾರಿಗಳು ಹೇಳಿದರು. ಅದೇ ವರ್ಷ ಆ ರಾಜ್ಯ ಚಾರಣಕ್ಕೆಂದೇ ಪ್ರತ್ಯೇಕ ನಿಯಮ ಮಾಡಿತು.

ನಮ್ಮ ಹುಡುಗಿ "ಬೇರೆ ದಾರಿ" ಎಂದಾಗ ನನಗೆ ನೆನಪಾದದ್ದು ಇದೇ. ಅನುಮತಿಯ ಚೀಟಿ ಬರಿಯ ದುಡ್ಡಿನ ರಸೀದಿಯಲ್ಲ. ಈ ಹೊತ್ತು ಬೆಟ್ಟದ ಮೇಲೆ ಎಷ್ಟು ಜನ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಇಳಿಯಬೇಕು ಎಂಬ ಲೆಕ್ಕ ಅದು. ಕಳ್ಳದಾರಿಯಲ್ಲಿ ಹೋದವರನ್ನು ಹುಡುಕಲು ಯಾರು ಬರುತ್ತಾರೆ? ಅವರು ಹೋದದ್ದೇ ಯಾರಿಗೂ ಗೊತ್ತಿರುವುದಿಲ್ಲ.

ಮುಚ್ಚಿದ ಬಾಗಿಲ ಹಿಂದೆ

ಬೆಂಕಿಯ ಮಾತು ಅಷ್ಟಾಯಿತು. ಬೇಸಿಗೆಯಲ್ಲಿ ಬಾಗಿಲು ಮುಚ್ಚುವುದರಿಂದ ಆಗುವ ಇನ್ನೊಂದು ಉಪಕಾರ ನಮ್ಮಂಥವರಿಗೆ ಬೇಗ ಅರ್ಥವಾದೀತು.

ನಮ್ಮ ಕಾಡಿನಲ್ಲಿ ಮಂಗಟ್ಟೆ ಎಂಬ ದೊಡ್ಡ ಕೊಕ್ಕಿನ ಹಕ್ಕಿಯಿದೆ. ಚಳಿ ಕಳೆಯುವ ಹೊತ್ತಿಗೆ ಹೆಣ್ಣು ಒಂದು ದೊಡ್ಡ ಮರದ ಪೊಟರೆ ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಗಾರೆಯಂತೆ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿದಿರುತ್ತದೆ. ಒಳಗೆ ಮೊಟ್ಟೆ, ಮರಿ. ಹಾರುವ ಗರಿಗಳೂ ಉದುರಿರುತ್ತವೆ. ವಾರಗಟ್ಟಲೆ ಗಂಡೇ ಅತ್ತಿ, ಆಲದ ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಮರದ ಕೆಳಗೆ ಹತ್ತು ಜನ ಡೇರೆ ಹಾಕಿ ಹಾಡು ಹಚ್ಚಿದರೆ ಅದು ಬೆದರಿ ದೂರವೇ ಉಳಿಯುತ್ತದೆ. ಒಳಗಿರುವ ಬಾಣಂತಿಯ ಗತಿ?

ಕಾಡುಕೋಳಿ ಮೊಟ್ಟೆಯಿಡುವುದೂ ಈ ತಿಂಗಳುಗಳಲ್ಲೇ, ಅದೂ ನೆಲದ ಮೇಲೆ. ಕಾಳಿಂಗ ಸರ್ಪದ ಹೆಣ್ಣು ಮಳೆಗಾಲಕ್ಕೆ ಮುಂಚೆ ತರಗೆಲೆಯನ್ನು ಮೈಯಿಂದಲೇ ಗುಡ್ಡೆ ಹಾಕಿ ಗೂಡು ಕಟ್ಟಿ, ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಅಪರೂಪ. ಆ ತರಗೆಲೆಯ ಗುಡ್ಡೆಗೆ ಕಿಡಿ ತಾಗಿದರೆ ಉಳಿಯುವುದೇನು? ಹಳ್ಳಗಳು ಬತ್ತಿ, ಎಲ್ಲ ಪ್ರಾಣಿಗಳೂ ಒಂದೆರಡು ಗುಂಡಿಗಳಿಗೆ ಬಂದು ಬಾಯಿಡುವ ಕಾಲವೂ ಇದೇ. ನಾವು 'ನೀರಿನ ಹತ್ತಿರ ಚೆನ್ನಾಗಿರುತ್ತೆ' ಎಂದು ಅಲ್ಲೇ ರಾತ್ರಿ ಕಳೆದರೆ ಅವು ಬಾಯಾರಿಕೆಯಲ್ಲೇ ಹಿಂದಿರುಗಬೇಕು.

ಬಾಣಂತಿ ಇರುವ ಮನೆಗೆ ನಾವು ಗುಂಪು ಕಟ್ಟಿಕೊಂಡು ಹೋಗುತ್ತೇವೆಯೇ? ಹೋದರೂ ಬಾಗಿಲಲ್ಲೇ ದನಿ ತಗ್ಗಿಸುವುದಿಲ್ಲವೇ? ಫೆಬ್ರವರಿಯಿಂದ ಮೇ ತನಕ ಕಾಡಿನದೂ ಅದೇ ಸ್ಥಿತಿ. ಆಮೇಲೆ ಮಳೆ ವಿಪರೀತವಾದಾಗ ಜಾರುವ ದಾರಿ, ಏರುವ ಹಳ್ಳ. ಆಗಲೂ ಕೆಲವೊಮ್ಮೆ ಜಿಲ್ಲಾಡಳಿತ ತಡೆಯುತ್ತದೆ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರಿನಿಂದ ಜನವರಿಯವರೆಗೆ, ಕಾಡು ನೆಂಟರನ್ನು ಕರೆಯುವ ಕಾಲ.

ಇದನ್ನೇ ಅಕ್ಕನಿಗೂ ಹೇಳಿದೆ. "ನೋಡಕ್ಕ, ಕಾಡು ಬೇಡ ಅನ್ನೋದು ಎಲ್ಲರಿಗೂ, ಗಂಡಸರಿಗೂ ಸೇರಿಸಿ. ಅದೂ ನಾಲ್ಕು ತಿಂಗಳು. ನಿನ್ನ ಬೇಡ ಹೆಣ್ಣುಮಕ್ಕಳಿಗೆ ಮಾತ್ರ, ಅದೂ ಹುಟ್ಟಾ ಬೇಡ. ಕಾಡಿನ ಹೆಸರು ಹೇಳಿ ಅವಳನ್ನ ಮನೇಲಿ ಕೂರಿಸಬೇಡ. ನವೆಂಬರ್‌ನಲ್ಲಿ ಕಳಿಸು, ನಾನಿದೀನಿ." ಅಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಅವಳಿಗೆ ಸ್ವೆಟರ್ ಬೇಕಾಗುತ್ತೇನೇ ಅಲ್ಲಿ?" ಎಂದು ಕೇಳಿದಳು!

ಒಲೆಯಿಲ್ಲದ ಬುತ್ತಿ

ನವೆಂಬರಿನಲ್ಲಿ ಹುಡುಗಿಯರು ಮೊದಲೇ ಹೆಸರು ಬರೆಸಿ ಬಂದರು. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಒಳಗೆ ಡೇರೆ ಹಾಕುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಹೋಗಿ ಬರಲು ಹೆಚ್ಚುಕಡಿಮೆ 20 ಕಿಲೋಮೀಟರ್ ನಡಿಗೆ. ಹಾಗಾದರೆ ಡೇರೆಯ ಆಸೆ? ಬೆಟ್ಟದ ಬುಡದ ಹಳ್ಳಿಯಲ್ಲಿ ನಾವು ಉಳಿದ ಮನೆಯ ಅಂಗಳದಲ್ಲೇ ಡೇರೆ ಹಾಕಿಕೊಟ್ಟರು. ನಕ್ಷತ್ರಗಳೇನೂ ಅಲ್ಲಿ ಕಡಿಮೆ ಇರಲಿಲ್ಲ.

ಬುತ್ತಿಯ ಜವಾಬ್ದಾರಿ ನನ್ನದು. ಬಿಸಿ ಮಾಡದೆ ತಿನ್ನುವಂತಿರಬೇಕು, ಸಂಜೆವರೆಗೆ ಕೆಡಬಾರದು, ಸೋರಬಾರದು. ಇದಕ್ಕೆ ನಮ್ಮ ಹುಳಿ ಅವಲಕ್ಕಿಯನ್ನು ಮೀರಿಸಿದ್ದಿಲ್ಲ. ಎರಡು ಪಾವು ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ. ಒಂದು ನಿಂಬೆಗಾತ್ರದ ಹುಣಸೆಹಣ್ಣಿನ ರಸಕ್ಕೆ ಅಷ್ಟೇ ಬೆಲ್ಲ, ಎರಡು ಚಮಚ ಸಾರಿನ ಪುಡಿ, ಉಪ್ಪು ಕದಡಿ ಅವಲಕ್ಕಿಗೆ ಹಾಕಿ, ಅದು ಮುಳುಗದಂತೆ ನೆನೆಯುವಷ್ಟು ಮಾತ್ರ ನೀರು ಸೇರಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆಯಲ್ಲಿ ಬಿಸಿ ಮಾಡಿ ಒಣಕೊಬ್ಬರಿ ತುರಿ ಬೆರೆಸಿ. ಹಸಿ ತೆಂಗಿನಕಾಯಿ ಹಾಕಬೇಡಿ, ಬೇಗ ಹಳಸುತ್ತದೆ. ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ ಮೇಲೆ ಬಟ್ಟೆ ಸುತ್ತಿದರೆ ಪ್ಲಾಸ್ಟಿಕ್ಕಿನ ಗೊಡವೆಯೇ ಇಲ್ಲ. ಜೊತೆಗೆ ಚಪಾತಿ, ಚಟ್ನಿಪುಡಿ, ಎಳ್ಳುಂಡೆ ಇದ್ದರೆ ಐದು ಜನಕ್ಕೆ ಧಾರಾಳ.

ಹುಡುಗಿಯರು ಬೆಟ್ಟಕ್ಕೆ ಹೋದ ಮೇಲೆ ನಾನು ಆ ಮನೆಯಾಕೆಯ ಜೊತೆ ಅಡಿಕೆ ಸುಲಿಯುತ್ತ ಕುಳಿತೆ. "ಬೇಸಿಗೇಲಿ ಬೆಂಕಿ ಕಂಡ್ರೆ ಮನೆಯೋರೆಲ್ಲ ಹಸಿ ಸೊಪ್ಪು ಹಿಡ್ಕೊಂಡು ಓಡ್ತಾರೆ ಅಮ್ಮ, ಬಡಿದು ಬಡಿದು ಆರಿಸೋದು. ಅವರು ಇಳಿದು ಬರೋವರೆಗೆ ನನಗೆ ಅನ್ನ ಇಳಿಯಲ್ಲ" ಎಂದಳು. "ಬಂದೋರಿಗೆ ಅದು ಫೋಟೋ ತೆಗಿಯೋ ಬೆಟ್ಟ. ನಮಗೆ ಅದು ನೀರಿನ ತೊಟ್ಟಿ ಕಣಮ್ಮ." ನಿಜವೇ. ಆ ಹುಲ್ಲು ಮತ್ತು ಶೋಲಾ ಮಳೆಯನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲವೂ ಇದೇ ಬೆಟ್ಟಸಾಲಿನಲ್ಲಿದೆ.

ಹೊರಡುವ ಮುನ್ನ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಕಾಲಿಡುವುದು, ಬೆಂಕಿ ಹಚ್ಚುವುದು, ಕಸ ಎಸೆಯುವುದು, ಪ್ರಾಣಿಗಳನ್ನು ಕೆಣಕುವುದು ಎಲ್ಲವೂ ಅಪರಾಧ. 2024ರ ಜನವರಿ ಕೊನೆಯ ರಜೆಗಳಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ ಮೇಲೆ ರಾಜ್ಯ ಸರ್ಕಾರ, ಆನ್‌ಲೈನಿನಲ್ಲಿ ಹೆಸರು ಬರೆಸುವ ವ್ಯವಸ್ಥೆಯಿಲ್ಲದ ಚಾರಣಗಳನ್ನು ತಡೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ತೆರೆದು, ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ಹಾಕಿತು. ತಾರೀಖುಗಳು ಮಳೆ ಬಿಸಿಲು ನೋಡಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಬಸ್ಸಿನ ಟಿಕೆಟ್ ತೆಗೆಸುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಗುರುತಿನ ಚೀಟಿ ಮರೆಯದಿರಿ.

ಡೇರೆಯಲ್ಲೇ ಮಲಗಬೇಕೆಂಬ ಹಟವಿದ್ದರೆ ಕಾವೇರಿ ದಡದ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು, ಸಂಕೋಚ ಬಿಟ್ಟು ಹೇಳುತ್ತೇನೆ. ತಿಂಗಳ ದಿನಗಳಲ್ಲಿ ಹೊರಟರೆ ಬಳಸಿದ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ವಾಪಸು ತನ್ನಿ. ಕಾಡಿನಲ್ಲಿ ಹೂತರೆ ಪ್ರಾಣಿಗಳು ಕೆದಕುತ್ತವೆ. ಕಿತ್ತಳೆ ಸಿಪ್ಪೆಯನ್ನೂ ಬಾಳೆಲೆಯನ್ನೂ ಅಲ್ಲಿ ಬಿಸಾಡಬೇಡಿ, ಮಂಗಗಳಿಗೆ ನಮ್ಮ ಚೀಲದ ರುಚಿ ಹತ್ತಿದರೆ ಮುಂದೆ ಬರುವವರಿಗೆ ಕಷ್ಟ. ಸುಗಂಧ, ಹಾಡಿನ ಪೆಟ್ಟಿಗೆ ಮನೆಯಲ್ಲೇ ಇರಲಿ.

ಹುಡುಗಿಯರು ಅಂದು ಸಂಜೆ ಐದರೊಳಗೆ ಇಳಿದು ಬಂದರು. ಕಾಲು ನೋವು, ಮೈತುಂಬ ಕೆಸರು, ಮುಖದಲ್ಲಿ ಮಾತ್ರ ಹಬ್ಬ. ಈಗ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಟ್ಟ ಎಂದು ಗೊತ್ತು ಮಾಡಿಕೊಂಡಿದ್ದಾರೆ. ಅಕ್ಕನೂ ಎಳ್ಳುಂಡೆ ಕಟ್ಟಿ ಕಳಿಸುತ್ತಾಳೆ. ಸೋದರಿಯರೇ, ನಿಮ್ಮ ಮನೆಯ ಮಗಳು ಏಪ್ರಿಲ್‌ನಲ್ಲಿ ಬೆಟ್ಟ ಕೇಳಿದರೆ 'ಕೂಡದು' ಎಂದುಬಿಡಬೇಡಿ. ಕ್ಯಾಲೆಂಡರ್ ತೆಗೆದು ನವೆಂಬರ್ ತೋರಿಸಿ, ಜೊತೆಗೆ ಕೂತು ಅವಳ ಹೆಸರು ಬರೆಸಿ.