ಕೋಳಿಯ ದಿನಚರಿ

ಫಿಲಿಪ್ಪೀನ್ಸಿನ ಚಿತ್ರಕಥೆಗಳಿಗೆ ಅಲ್ಲಿನವರು ‘ಕೋಮಿಕ್ಸ್’ ಎನ್ನುವರು. 1929ರಲ್ಲಿ ‘ಲಿವಾಯ್‌ವಾಯ್’ ವಾರಪತ್ರಿಕೆಯಲ್ಲಿ ಕೆಂಕಾಯ್ ಎಂಬ ಶೋಕಿಲಾಲನು ಕಾಣಿಸಿಕೊಂಡ ಮೇಲೆ ಈ ಕಲೆ ಮನೆಮಾತಾಯಿತು. ಆದರೆ ಅಚ್ಚಾದದ್ದು ಅಗ್ಗದ ಕಾಗದದಲ್ಲಿ; ಓದಿದವರು ಎಸೆದರು. ಅಳಿದುಳಿದ ಪುಟಗಳನ್ನು ಕಲೆಹಾಕಿ ಅಂತರಜಾಲದಲ್ಲಿ ವಸ್ತುಸಂಗ್ರಹಾಲಯವನ್ನೇ ತೆರೆದವರು ಗೆರಿ ಅಲಾಂಗಿಲಾನ್ ಎಂಬ ಚಿತ್ರಕಾರರು.

ಹಳತನ್ನು ಅರಸುತ್ತ ಹೋಗುವ ಓದುಗನು ಅವರ ಸ್ವಂತ ಕೃತಿ ‘ಎಲ್ಮರ್’ಅನ್ನು ತಪ್ಪಿಸಿಕೊಳ್ಳಬಾರದು. 2006ರಿಂದ ಅವರೇ ಬಿಡಿ ಸಂಚಿಕೆಗಳಾಗಿ ಪ್ರಕಟಿಸಿದ ಈ ಕಥೆಯಲ್ಲಿ ಕೋಳಿಗಳಿಗೆ ಹಠಾತ್ತನೆ ಮನುಷ್ಯರ ಬುದ್ಧಿ, ಮಾತು ಬಂದುಬಿಡುತ್ತವೆ. ನಗು ಬಂದೀತು, ನಿಜ. ಆದರೆ ತೀರಿಹೋದ ತಂದೆಯ ದಿನಚರಿಯನ್ನು ಮಗ ಓದತೊಡಗಿದೊಡನೆ ನಗು ಅಡಗುತ್ತದೆ: ತನ್ನ ಕುಲ ಪಟ್ಟ ಪಾಡೆಲ್ಲ ಅಲ್ಲಿದೆ. (ಮಾಂಸಾಹಾರಿಗಳು ಊಟಕ್ಕೆ ಮುನ್ನ ಓದದಿರುವುದು ಲೇಸು!)

ಇತರರ ಪುಟಗಳನ್ನು ಕಾಪಾಡಿದ ಗೆರಿ 2019ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ತೀರಿಕೊಂಡರು.